ಕೋವಿ ಕಂಡರೆ ಕತ್ತರಿ: ಕಾರಣವನ್ನು ಕನ್ನಡದಲ್ಲಿ ಹೇಳಿ

ಕೊಡಗಿನಲ್ಲಿ ಪುತ್ತರಿ ಹಬ್ಬದ ರಾತ್ರಿ ಕದಿರು ತೆಗೆಯುವ ಹೊತ್ತಿಗೆ ಗದ್ದೆಯಂಚಿನಿಂದ ಆಕಾಶಕ್ಕೆ ಒಂದು ಗುಂಡು ಹಾರುತ್ತದೆ. ಮನೆಯಲ್ಲಿ ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಎಂಬುದು ಅಲ್ಲಿನ ಹಳೆಯ ವಾಡಿಕೆ. ಕೈಲ್ ಪೋದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ಅಲ್ಲಿ ಕಾಣುವ ಕೋವಿಗಳಿಗೆ ಭಾರತ ಸರ್ಕಾರದ ಒಪ್ಪಿಗೆ ಇದೆ. ಆದರೆ ಅದೇ ಗದ್ದೆಯಂಚಿನಲ್ಲಿ ನಿಂತು ಮನೆಮಗಳೊಬ್ಬಳು ದೂರದೇಶದಲ್ಲಿರುವ ಅಣ್ಣನಿಗಾಗಿ ಪುತ್ತರಿಯನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರೆ, ನಿಯಮದ ಅಕ್ಷರವನ್ನೇ ಹಿಡಿದು ನೋಡುವವರ ಲೆಕ್ಕದಲ್ಲಿ ಅದು ತಪ್ಪು. ನೇರಪ್ರಸಾರದಲ್ಲಿ ಯಾರೂ ಬಂದೂಕು ಹಿಡಿದಿರುವುದು ಕಾಣಬಾರದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದೂ ಕಾಣಬಾರದು ಎನ್ನುತ್ತದೆ ಆ ನಿಯಮ. ಗುಂಡು ಹಾರಿಸಿದಿರೋ ಇಲ್ಲವೋ ಎಂಬುದು ಅದಕ್ಕೆ ಮುಖ್ಯವಲ್ಲ. ವಿಡಿಯೊ ಗೇಮ್‌ನ ಬಂದೂಕಿಗೆ ಹೆಸರು ಹೇಳಿ ವಿನಾಯಿತಿ ಕೊಟ್ಟಿದ್ದಾರೆ. ಪುತ್ತರಿಯ ಕೋವಿಯ ಹೆಸರು ಅಲ್ಲಿಲ್ಲ.

ಕಾನೂನು ಒಪ್ಪಿದ್ದನ್ನು ವಿಡಿಯೊ ತಾಣ ಯಾಕೆ ಒಪ್ಪುವುದಿಲ್ಲ, ಒಪ್ಪದಿದ್ದರೆ ನಾವು ಏನು ಕೇಳಬಹುದು ಎಂಬುದನ್ನು ಬಿಡಿಸಿ ಹೇಳುವುದಕ್ಕೆ ಈ ಬರಹ. ಹುಬ್ಬಳ್ಳಿ-ಧಾರವಾಡದಲ್ಲಿ ಕೂತವರಿಗೆ ಇದು ದೂರದ ಮಾತು ಅನ್ನಿಸಬಹುದು, ಆದರೆ ದೂರದ್ದಲ್ಲ. ಏರ್ ರೈಫಲ್ ಕಲಿಯುವ ಮಕ್ಕಳು ನಮ್ಮ ಊರಿನಲ್ಲೂ ಇದ್ದಾರೆ. ಕಲಘಟಗಿ, ಅಳ್ನಾವರದ ಕಾಡಂಚಿನಲ್ಲಿ ಬೆಳೆ ಕಾಯಲು ಬಂದೂಕು ಬೇಕು ಅನ್ನುವ ರೈತರಿದ್ದಾರೆ. ಆಯುಧ ಒಪ್ಪಿಸಲು ಒಲ್ಲೆನೆಂದ ಹಲಗಲಿ ಬೇಡರ ಲಾವಣಿ ಹಾಡುವವರಂತೂ ನಮ್ಮ ನಡುವಿನವರೇ.

ಮೊದಲು ನಿಯಮ ನೋಡೋಣ. ಬಂದೂಕು, ಅದರ ಕೆಲವು ಬಿಡಿಭಾಗಗಳನ್ನು ಮಾರುವ ಉದ್ದೇಶದ ವಿಡಿಯೊ ಯೂಟ್ಯೂಬ್‌ನಲ್ಲಿ ನಿಷಿದ್ಧ. ಮಾರುವ ಅಂಗಡಿಯ ಕೊಂಡಿಯನ್ನು ವಿಡಿಯೊದ ಕೆಳಗೆ ಹಾಕುವುದೂ ನಿಷಿದ್ಧ. ಬಂದೂಕು, ಮದ್ದುಗುಂಡು, ಸದ್ದಡಗಿಸುವ ಸಾಧನ ಇವನ್ನು ಮನೆಯಲ್ಲಿ ಮಾಡುವುದು ಹೇಗೆಂದು ಕಲಿಸುವ ಹಾಗಿಲ್ಲ. ಒಂದೊಂದೇ ಗುಂಡು ಹಾರುವ ಬಂದೂಕನ್ನು ಒಂದೇ ಸಮನೆ ಗುಂಡು ಸುರಿಸುವಂತೆ ಬದಲಾಯಿಸುವುದನ್ನು ತೋರಿಸುವ ಹಾಗಿಲ್ಲ. 2024ರ ಜೂನ್ 18ರಿಂದ ಇನ್ನೂ ಎರಡು ಸೇರಿದವು. ಬಂದೂಕಿನ ಸುರಕ್ಷಾ ಸಾಧನವನ್ನು ಕಳಚುವ ವಿಧಾನ ತೋರಿಸಬಾರದು. ಮನೆಯಲ್ಲಿ ತಯಾರಿಸಿದ ಬಂದೂಕು, ಸ್ವಯಂಚಾಲಿತ ಬಂದೂಕು ಮತ್ತು ಕೆಲವು ಬಿಡಿಭಾಗಗಳನ್ನು ಬಳಸುವ ದೃಶ್ಯವನ್ನು 18 ವರ್ಷ ತುಂಬದವರಿಗೆ ತೋರಿಸಬಾರದು. ಸುದ್ದಿ, ಸೇನೆ, ಪೊಲೀಸರ ದೃಶ್ಯಗಳಂಥ ಸಾರ್ವಜನಿಕ ಹಿತದ ವಿಡಿಯೊಗಳಿಗೆ ರಿಯಾಯಿತಿ ಸಿಗಬಹುದು.

ಜಾಹೀರಾತಿನ ನಿಯಮ ಬೇರೆಯೇ ಇದೆ. ವಿಡಿಯೊ ತಾಣದಲ್ಲಿ ಉಳಿಯಬಹುದು, ಆದರೆ ಅದಕ್ಕೆ ಜಾಹೀರಾತು ಬಾರದೆ ಹೋಗಬಹುದು. ಚಾನೆಲ್ ನಡೆಸುವವರು ಇದನ್ನು ‘ಯೆಲ್ಲೋ ಡಾಲರ್’ ಬಂತು ಅನ್ನುತ್ತಾರೆ. ಸುರಕ್ಷಿತ ಶೂಟಿಂಗ್ ರೇಂಜ್‌ನಲ್ಲಿ ಚಿತ್ರೀಕರಿಸಿದ್ದಕ್ಕೆ ಜಾಹೀರಾತು ಬರಬಹುದು, ಜನರ ನಡುವೆ, ಮನೆಯಂಗಳದಲ್ಲಿ ಗುಂಡು ಹಾರಿಸಿದ್ದಕ್ಕೆ ಬರುವುದು ಕಷ್ಟ. ಮೇಲೆ ಹೇಳಿದ ನಿಷೇಧದ ನಿಯಮ ಮೀರಿದರೆ ಮೊದಲು ಎಚ್ಚರಿಕೆ ಬರುತ್ತದೆ. ಆಮೇಲೆ ‘ಸ್ಟ್ರೈಕ್’. ಮೊದಲ ಸ್ಟ್ರೈಕ್‌ಗೆ ಒಂದು ವಾರ, ಎರಡನೆಯದಕ್ಕೆ ಎರಡು ವಾರ ಏನನ್ನೂ ಹಾಕುವಂತಿಲ್ಲ. 90 ದಿನಗಳೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಯಿತು. ಅದರ ಜೊತೆಗೆ ಅಷ್ಟು ವರ್ಷ ಕೂಡಿಟ್ಟ ಹಬ್ಬ, ಪಂದ್ಯ, ಸಂದರ್ಶನ ಎಲ್ಲವೂ ಹೋಗುತ್ತವೆ.

ಈ ನಿಯಮಗಳು ಹುಟ್ಟಿದ್ದು ಅಮೆರಿಕದ ನೋವಿನಿಂದ. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಸಂಗೀತ ಕಾರ್ಯಕ್ರಮದ ಮೇಲೆ ಹೋಟೆಲಿನ ಕಿಟಕಿಯಿಂದ ಒಬ್ಬ ಗುಂಡಿನ ಮಳೆ ಸುರಿಸಿದ. ಬಂದೂಕು ಒಂದೇ ಸಮನೆ ಗುಂಡು ಉಗುಳುವಂತೆ ಮಾಡಲು ಅವನು ಬಳಸಿದ್ದು ‘ಬಂಪ್ ಸ್ಟಾಕ್’ ಎಂಬ ಸಾಧನ. ಅದನ್ನು ಜೋಡಿಸುವುದು ಹೇಗೆಂದು ಹೇಳಿಕೊಡುವ ವಿಡಿಯೊಗಳು ಆಗ ಯೂಟ್ಯೂಬ್‌ನಲ್ಲಿ ರಾಶಿ ಬಿದ್ದಿದ್ದವು. ಕೆಲವೇ ದಿನಗಳಲ್ಲಿ ಅವನ್ನು ನಿಷೇಧಿಸಿದರು. 2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತರು. ಮರುತಿಂಗಳೇ ಮಾರಾಟದ ಮತ್ತು ತಯಾರಿಕೆಯ ವಿಡಿಯೊಗಳ ಮೇಲಿನ ನಿಷೇಧ ಬಂತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ವ್ಯಕ್ತಿಯಿಂದ ವ್ಯಕ್ತಿಗೆ ಬಂದೂಕು ಮಾರುವುದನ್ನು ಅದಕ್ಕೂ ಮೊದಲೇ, 2016ರ ಜನವರಿಯಲ್ಲಿ, ನಿಲ್ಲಿಸಿದ್ದವು. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಜಿಲ್ಲಾ ಅಟಾರ್ನಿ ಆಲ್ವಿನ್ ಬ್ರಾಗ್ ಯೂಟ್ಯೂಬ್‌ಗೆ ಪತ್ರ ಬರೆದರು. ಆಟದ ವಿಡಿಯೊ ನೋಡುವ ಹುಡುಗರನ್ನು ತಾಣದ ಶಿಫಾರಸು ಯಂತ್ರವೇ ನೋಂದಣಿಯಿಲ್ಲದ ಬಂದೂಕು ಮಾಡುವ ವಿಡಿಯೊಗಳ ಕಡೆಗೆ ಒಯ್ಯುತ್ತಿದೆ ಎಂಬುದು ಅವರ ದೂರು. ಜೂನ್‌ನ ವಯಸ್ಸಿನ ಮಿತಿ ಬಂದದ್ದು ಈ ಒತ್ತಡಗಳ ನಡುವೆ.

ಇದರ ಹಿಂದೆ ಹಣದ ಕಥೆಯೂ ಇದೆ. 2017ರಲ್ಲಿ ಉಗ್ರವಾದಿಗಳ ವಿಡಿಯೊ ಪಕ್ಕ ತಮ್ಮ ಜಾಹೀರಾತು ಕಂಡ ದೊಡ್ಡ ಕಂಪನಿಗಳು ಯೂಟ್ಯೂಬ್‌ನಿಂದ ದೂರ ಸರಿದವು. ಅಲ್ಲಿಂದ ಈಚೆಗೆ ‘ಜಾಹೀರಾತುದಾರ ಏನನ್ನು ಒಪ್ಪುತ್ತಾನೆ’ ಎಂಬುದೂ ವಿಡಿಯೊಗಳ ಹಣೆಬರಹ ಬರೆಯತೊಡಗಿತು. ನ್ಯಾಯಾಲಯ ಕೇಳುವ ಪ್ರಶ್ನೆ ಇದು ಕಾನೂನುಬದ್ಧವೇ ಎಂದು. ಜಾಹೀರಾತು ವಿಭಾಗ ಕೇಳುವುದು ಇದರ ಪಕ್ಕ ಸೋಪಿನ ಹೆಸರು ಕಾಣಿಸಬಹುದೇ ಎಂದು. ಇವೆರಡನ್ನೂ ಬೇರೆಬೇರೆಯಾಗಿ ನೋಡದಿದ್ದರೆ ಈ ವಿಷಯ ಅರ್ಥವಾಗುವುದಿಲ್ಲ.

ಮಾರಾಟ ಮತ್ತು ತಯಾರಿಕೆಯ ಮೇಲಿನ ನಿಷೇಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಧಾರವಾಡದಲ್ಲಿ ಬದುಕುವವರಿಗೆ ಬಂದೂಕಿನ ಮಾತನ್ನು ಹಗುರಾಗಿ ಆಡಲು ಆಗುವುದಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಮನೆಯಲ್ಲಿ ಎಂ. ಎಂ. ಕಲಬುರ್ಗಿ ಅವರನ್ನು ಗುಂಡಿಟ್ಟು ಕೊಂದರು. ಜೀವಮಾನವನ್ನೆಲ್ಲ ವಚನ ಮತ್ತು ಶಾಸನಗಳ ಮೇಲೆ ಕಳೆದ ಹಿರಿಯರು ಅವರು. ಎರಡು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಕೊಂದರು. ಎರಡೂ ಕಡೆ ಸಿಕ್ಕ ಕಾಡತೂಸುಗಳನ್ನು ಹೋಲಿಸಿ ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ, ಅವು ಒಂದೇ 7.65 ಮಿ.ಮೀ. ನಾಡ ಪಿಸ್ತೂಲಿನಿಂದ ಹಾರಿದವು ಎಂದು ವರದಿ ಕೊಟ್ಟಿತು. ಯಾವ ಪರವಾನಗಿಯ ಪುಸ್ತಕದಲ್ಲೂ ಇಲ್ಲದ ಪಿಸ್ತೂಲು ಅದು. ಭೀಮಾತೀರದಲ್ಲಿ ಕಂಟ್ರಿ ಪಿಸ್ತೂಲು ಸಿಕ್ಕ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಥ ಒಂದನ್ನು ಮಾಡುವುದು ಹೇಗೆಂದು ಕಲಿಸುವ ಹತ್ತು ನಿಮಿಷದ ವಿಡಿಯೊ ಯಾವ ಭಾಷೆಯಲ್ಲೇ ಇರಲಿ, ತಾಣದಲ್ಲಿ ಒಂದು ತಾಸೂ ಇರಕೂಡದು.

ಹೀಗಿರುವುದರಿಂದಲೇ ಕಳ್ಳ ಪಿಸ್ತೂಲಿಗೂ ಲೆಕ್ಕವಿರುವ ಬಂದೂಕಿಗೂ ನಡುವಿನ ಗೆರೆ ನಮಗೆ ಮುಖ್ಯ. ಆ ಗೆರೆಯನ್ನು ನಮ್ಮ ಕಾನೂನು ಬಹಳ ದಪ್ಪವಾಗಿ ಎಳೆದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಬೇಕು, ಅದಕ್ಕೆ ಪೊಲೀಸರ ವರದಿ ಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕದ್ದು ತಯಾರಿಸಿದರೆ, ಕದ್ದು ಮಾರಿದರೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚುನಾವಣೆ ಬಂತೆಂದರೆ ಪರವಾನಗಿದಾರರು ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕಂಡದ್ದೇ. ಪಂಜಾಬ್ ಸರ್ಕಾರ 2022ರ ನವೆಂಬರ್‌ನಲ್ಲಿ ಸಾಮಾಜಿಕ ಜಾಲತಾಣವನ್ನೂ ಸೇರಿಸಿ ಬಂದೂಕಿನ ಪ್ರದರ್ಶನವನ್ನೇ ನಿಷೇಧಿಸಿತು. ನಮ್ಮಲ್ಲಿ 2025ರ ಮಾರ್ಚ್‌ನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ ಇಬ್ಬರು ಕಿರುತೆರೆ ಕಲಾವಿದರನ್ನು ಬೆಂಗಳೂರು ಪೊಲೀಸರು ಬಂಧಿಸಿದರು. ಅಮೆರಿಕದಲ್ಲಿ ಬಂದೂಕು ಸಂವಿಧಾನದ ಹಕ್ಕು. ನಮ್ಮಲ್ಲಿ ಅದು ಸರ್ಕಾರ ಕೊಟ್ಟ, ಬೇಕೆಂದಾಗ ಹಿಂದಕ್ಕೆ ಪಡೆಯಬಹುದಾದ ಅನುಮತಿ. ಹಕ್ಕಿನ ದೇಶಕ್ಕೆಂದು ಬರೆದ ನಿಯಮ ಅನುಮತಿಯ ದೇಶಕ್ಕೆ ಬಂದಾಗ, ಮೊದಲೇ ಹತ್ತು ಕಡೆ ಸಹಿ ಹಾಕಿ ಬಂದವನ ಮೇಲೆ ಹನ್ನೊಂದನೆಯ ಅನುಮಾನವಾಗಿ ಬೀಳುತ್ತದೆ.

ಯಾರ ಕೈಯಲ್ಲಿ ಆಯುಧ ಇರಬೇಕು, ಯಾರ ಕೈಯಲ್ಲಿ ಇರಬಾರದು ಎಂದು ದೂರದಲ್ಲಿ ಕೂತವರು ಬರೆದ ನಿಯಮವನ್ನು ಈ ನೆಲ ಮೊದಲ ಬಾರಿಗೆ ನೋಡುತ್ತಿರುವುದೇನಲ್ಲ. 1857ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಆಯುಧಗಳನ್ನು ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು ಎಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು, ಮನೆತನದ ಮರ್ಯಾದೆ ಎಲ್ಲವೂ ಅವರಿಗೆ ಆ ಆಯುಧದೊಂದಿಗೇ ಕೂಡಿಕೊಂಡಿದ್ದವು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ದಂಡು ಊರಿಗೆ ಮುತ್ತಿಗೆ ಹಾಕಿತು, ಮನೆಗಳಿಗೆ ಬೆಂಕಿ ಇಟ್ಟಿತು. ಹಿಡಿದವರಲ್ಲಿ 19 ಜನರನ್ನು ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮರ ಹೆಸರು ಉಳಿದದ್ದು ಲಾವಣಿಯಿಂದ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್. ಇವತ್ತು ಅದು ನಮ್ಮ ಹತ್ತನೆಯ ಇಯತ್ತೆಯ ಮಕ್ಕಳು ಓದುವ ಪಾಠ. ಅದಕ್ಕೂ ಮೊದಲು, 1824ರ ಅಕ್ಟೋಬರ್ 23ರಂದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತ. ಅವನನ್ನು ಗುರಿಯಿಟ್ಟು ಹೊಡೆದವನು ಅಮಟೂರು ಬಾಳಪ್ಪ ಎಂದು ಕಿತ್ತೂರು ನಾಡು ಇವತ್ತಿಗೂ ಹೇಳುತ್ತದೆ.

ಕೊಡಗಿನ ದಾರಿ ಇದಕ್ಕೆ ತದ್ವಿರುದ್ಧ. ಹಲಗಲಿಯಲ್ಲಿ ಗಲ್ಲು ಕಟ್ಟಿಸಿದ ಅದೇ ಬ್ರಿಟಿಷ್ ಆಡಳಿತ 1861ರಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರ ಶಸ್ತ್ರಾಸ್ತ್ರ ಕಾಯ್ದೆಯ 41ನೆಯ ಕಲಮಿನ ಅಧಿಕಾರದಲ್ಲಿ ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಆ ವಿನಾಯಿತಿ ಮುಂದುವರಿಸಿತು. 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದರು. ಒಂದು ಸಮುದಾಯಕ್ಕೆ ಮಾತ್ರ ಈ ರಿಯಾಯಿತಿ ಯಾಕೆ ಎಂದು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಅಂದರೆ ಪುತ್ತರಿಯ ಕೋವಿಯನ್ನು ಸಂಸತ್ತಿನ ಕಾಯ್ದೆ, ಕೇಂದ್ರದ ಅಧಿಸೂಚನೆ, ರಾಜ್ಯದ ಉಚ್ಚ ನ್ಯಾಯಾಲಯ ಮೂರೂ ನೋಡಿ, ತೂಗಿ ಒಪ್ಪಿವೆ. ಕ್ಯಾಲಿಫೋರ್ನಿಯಾದಲ್ಲಿ ಬರೆದ ಯೂಟ್ಯೂಬ್ ನಿಯಮ ಅದನ್ನು ಒಮ್ಮೆಯೂ ಪ್ರತ್ಯೇಕವಾಗಿ ತೂಗಿ ನೋಡಿಲ್ಲ.

ಇನ್ನು ಕ್ರೀಡೆಯ ವಿಷಯ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಶೂಟಿಂಗ್ ಅಂದಕೂಡಲೆ ಹೊಡೆದಾಟ ನೆನೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹತ್ತು ಮೀಟರ್ ಏರ್ ರೈಫಲ್ ಪಂದ್ಯದಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಏರ್ ಪಿಸ್ತೂಲಿನ ಪಂದ್ಯದಲ್ಲಿ ಅದು 11.5 ಮಿಲಿಮೀಟರ್. 75 ನಿಮಿಷದಲ್ಲಿ 60 ಪೆಲೆಟ್ ಹೊಡೆಯಬೇಕು. ಉಸಿರು ಎಲ್ಲಿ ನಿಲ್ಲಿಸಬೇಕು, ಬೆರಳು ಎಷ್ಟು ನಿಧಾನ ಒತ್ತಬೇಕು, ಎದೆಬಡಿತದ ನಡುವೆ ಯಾವ ಕ್ಷಣ ಹಿಡಿಯಬೇಕು ಅನ್ನುವುದೇ ಇಲ್ಲಿನ ವಿದ್ಯೆ. 0.177 ಅಂಗುಲ ಕೊಳವೆಯ, 20 ಜೌಲ್ ಮೀರದ ಶಕ್ತಿಯ ಏರ್ ಗನ್‌ಗೆ ನಮ್ಮ ದೇಶದಲ್ಲಿ ಪರವಾನಗಿಯೂ ಬೇಕಿಲ್ಲ. ದೊಡ್ಡ ಮೈದಾನ ಬೇಡ, ಉದ್ದನೆಯ ಒಂದು ಕೋಣೆ ಸಾಕು. ಅದಕ್ಕೇ ಸಣ್ಣ ಊರುಗಳ ಮಕ್ಕಳಿಗೆ ಇದು ಎಟುಕುವ ಆಟ. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇದೇ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದರು. ಅದೇ ಕೂಟದಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಯ ಪಂದ್ಯದಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯವರು, ರೈಲ್ವೆ ನೌಕರ. ಹುಬ್ಬಳ್ಳಿಯಿಂದ ಹೊರಟರೆ ನಾಲ್ಕೈದು ತಾಸಿನ ದಾರಿಯ ಊರು. ರೈಲ್ವೆಯ ಅನ್ನ ಉಂಡು ಬೆಳೆದ ಹುಬ್ಬಳ್ಳಿಯ ಎಷ್ಟೋ ಮನೆಗಳ ಮಕ್ಕಳಿಗೆ ಆ ಪದಕ ತಮ್ಮದೇ ಅನ್ನಿಸಿದರೆ ಆಶ್ಚರ್ಯವಿಲ್ಲ.

ಇಂಥ ಮಗು ಕಲಿಯುವುದು ಎಲ್ಲಿಂದ? ತರಬೇತುದಾರರು ಎಲ್ಲ ತಾಲ್ಲೂಕುಗಳಲ್ಲಿ ಇಲ್ಲ. ಪುಸ್ತಕಗಳು ಕನ್ನಡದಲ್ಲಿ ಸಿಗುವುದು ಅಪರೂಪ. ಉಳಿದದ್ದು ವಿಡಿಯೊ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ತನ್ನ ಫೈನಲ್‌ಗಳನ್ನು ಯೂಟ್ಯೂಬ್‌ನಲ್ಲೇ ತೋರಿಸುತ್ತದೆ. ಒಲಿಂಪಿಕ್ ಮಟ್ಟದ ಸಂಸ್ಥೆಗೆ ಕಂಪನಿಯೊಂದಿಗೆ ನೇರ ಮಾತುಕತೆ ಸಾಧ್ಯ, ಪ್ರಸಾರ ತಪ್ಪಾಗಿ ನಿಂತರೆ ಕೇಳುವವರಿರುತ್ತಾರೆ. ಗದಗಿನಲ್ಲೋ ಹಾವೇರಿಯಲ್ಲೋ ಒಬ್ಬ ಕೋಚ್ ಜಿಲ್ಲಾ ಮಟ್ಟದ ಪಂದ್ಯವನ್ನು ಮೊಬೈಲಿನಿಂದ ನೇರಪ್ರಸಾರ ಮಾಡಿದರೆ ಅವನ ಬೆನ್ನಿಗೆ ಯಾರೂ ಇಲ್ಲ. ರೈಫಲ್ ಬಿಚ್ಚಿ ಒರೆಸುವುದನ್ನು, ಟ್ರಿಗರ್ ಮೇಲೆ ಬೆರಳಿಡದೆ ಹಿಡಿಯುವುದನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಅದು ಸುರಕ್ಷತೆಯ ಪಾಠ. ಆದರೆ ಬಿಡಿಭಾಗ ಕಳಚುವ ಕೈಗಳನ್ನಷ್ಟೇ ಕಾಣುವ ಯಂತ್ರಕ್ಕೆ ಅದು ನಿಷಿದ್ಧ ಪಾಠದಂತೆ ಕಾಣಬಹುದು. ಬೆಳೆ ಕಾಯುವ ರೈತನ ಬಂದೂಕಿನ ವಿಷಯವೂ ಹಾಗೇ. ಕಾಡುಪ್ರಾಣಿ ಬೇಟೆಯ ವಿಡಿಯೊ ಬೇರೆ, ಅದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಅದನ್ನು ತೆಗೆಯಲೇಬೇಕು. ಮಕ್ಕಳ ಕೈಗೆ ಸಿಗದಂತೆ ಬಂದೂಕನ್ನೂ ಕಾಡತೂಸನ್ನೂ ಬೇರೆಬೇರೆ ಕಡೆ ಬೀಗ ಹಾಕಿ ಇಡುವುದು ಹೇಗೆಂದು ಅದೇ ರೈತ ತೋರಿಸಿದರೆ ಅದು ಜೀವ ಉಳಿಸುವ ಮಾತು.

ತಪ್ಪು ಎಲ್ಲಿ ಆಗುತ್ತದೆ ಎಂದು ತಿಳಿಯಲು ತೀರ್ಪು ಕೊಡುವವರು ಯಾರೆಂದು ನೋಡಬೇಕು. ಯೂಟ್ಯೂಬ್ ತೆಗೆದುಹಾಕುವ ವಿಡಿಯೊಗಳಲ್ಲಿ ಬಹುಪಾಲನ್ನು ಮೊದಲು ಗುರುತಿಸುವುದು ಮನುಷ್ಯರಲ್ಲ, ಯಂತ್ರ. ಕಂಪನಿಯೇ ಪ್ರಕಟಿಸುವ ವರದಿಗಳಲ್ಲಿ ಈ ಮಾತಿದೆ. 2023ರ ಕೊನೆಯ ಮೂರು ತಿಂಗಳಲ್ಲಿ ಎಲ್ಲ ಕಾರಣಗಳೂ ಸೇರಿ ಭಾರತದಿಂದ ಹಾಕಿದ 22 ಲಕ್ಷಕ್ಕೂ ಹೆಚ್ಚು ವಿಡಿಯೊ ತೆಗೆದರು. ಆ ಅವಧಿಯಲ್ಲಿ ಯಾವ ದೇಶದ್ದೂ ಇಷ್ಟು ಹೋಗಿರಲಿಲ್ಲ. ಅದರಲ್ಲಿ ಬಹಳಷ್ಟು ನಿಜವಾಗಿಯೂ ಕಸ, ಮೋಸ, ಮಕ್ಕಳಿಗೆ ಅಪಾಯ ತರುವಂಥದ್ದು. ಇಷ್ಟು ರಾಶಿಯನ್ನು ಮನುಷ್ಯರೇ ಕೂತು ನೋಡಲಿ ಎಂದು ಕೇಳುವುದು ನ್ಯಾಯವಲ್ಲ. ಯಂತ್ರ ಬೇಕು. ಆದರೆ ಯಂತ್ರ ಚಿತ್ರವನ್ನು ನೋಡುತ್ತದೆ, ಚಿತ್ರದ ಸುತ್ತಲಿನ ಬದುಕು ಅದಕ್ಕೆ ತಿಳಿಯದು. ಶಾಲೆಯ ವಾರ್ಷಿಕೋತ್ಸವದಲ್ಲಿ ಹಲಗಲಿಯ ನಾಟಕ ಆಡುವ ಹುಡುಗನ ಕೈಯಲ್ಲಿರುವುದು ಕಟ್ಟಿಗೆಯ ಬಂದೂಕು ಎಂದು ಅದಕ್ಕೆ ಹೇಳುವವರು ಯಾರು?

ಚಿತ್ರವನ್ನು ತಿರುವುಮುರುವಾಗಿ ಓದಿದ ಒಂದು ಪ್ರಸಂಗ ನ್ಯಾಯಾಲಯದವರೆಗೆ ಹೋಗಿದೆ. 1936ರಲ್ಲಿ ಹ್ಯಾಂಬರ್ಗ್‌ನ ಹಡಗುಕಟ್ಟೆಯಲ್ಲಿ ನೂರಾರು ಜನ ನಾಜಿ ಸಲಾಮು ಹೊಡೆಯುತ್ತಿರುವಾಗ ಒಬ್ಬನೇ ಕೈಕಟ್ಟಿ ನಿಂತ ಪ್ರಸಿದ್ಧ ಚಿತ್ರವಿದೆ. ಆ ಕೈಕಟ್ಟಿದವನು ಆಗಸ್ಟ್ ಲಾಂಡ್‌ಮೆಸರ್ ಎನ್ನುತ್ತಾರೆ. ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆ ಆ ಚಿತ್ರವನ್ನು ತಮ್ಮ ಟ್ವಿಟರ್ ಖಾತೆಯಲ್ಲಿ ಹಾಕಿಕೊಂಡಿದ್ದರು. ನಾಜಿಗಳನ್ನು ಧಿಕ್ಕರಿಸಿದ ಚಿತ್ರ ಅದು. ತಾಣ ಅದನ್ನು ದ್ವೇಷದ ಚಿತ್ರವೆಂದು ಎಣಿಸಿ 2019ರ ಅಕ್ಟೋಬರ್‌ನಲ್ಲಿ ಅವರ ಖಾತೆಯನ್ನು ಅಮಾನತು ಮಾಡಿತು. ಅವರು ದೆಹಲಿ ಹೈಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ವಕೀಲರಿಗೆ ಹೈಕೋರ್ಟಿನ ಬಾಗಿಲು ಗೊತ್ತಿರುತ್ತದೆ. ಗದಗಿನ ಕೋಚ್‌ಗೆ ಗೊತ್ತಿರುವುದು ತನ್ನ ಮೊಬೈಲಿಗೆ ಬಂದ, ಇಂಗ್ಲಿಷಿನಲ್ಲಿರುವ ಎರಡು ಸಾಲಿನ ಸಂದೇಶ ಮಾತ್ರ.

ನನ್ನ ಆಕ್ಷೇಪ ಇಲ್ಲಿದೆ. ನಿಯಮ ಇರಲಿ. ಆದರೆ ಏನು ತಪ್ಪಾಯಿತು, ಯಾವ ನಿಮಿಷದ ಯಾವ ದೃಶ್ಯದಲ್ಲಿ ತಪ್ಪಾಯಿತು ಎಂಬುದನ್ನು ವಿಡಿಯೊ ಹಾಕಿದವನಿಗೆ ಅವನ ಭಾಷೆಯಲ್ಲಿ ಹೇಳಬೇಕು, ಅವನ ಉತ್ತರವನ್ನು ಆ ಭಾಷೆ ಬಲ್ಲ ಮನುಷ್ಯರು ಓದಬೇಕು. ಇದು ದಯೆ ಬೇಡುವ ಮಾತಲ್ಲ. ನಮ್ಮ ದೇಶದ ನಿಯಮದಲ್ಲಿ ಇದರ ಬಹುಭಾಗ ಆಗಲೇ ಬರೆದಿದೆ.

2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ತಾಣ ಭಾರತದಲ್ಲೇ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು. ದೂರು ಬಂದ 24 ತಾಸಿನಲ್ಲಿ ಸ್ವೀಕೃತಿ ಕೊಡಬೇಕು, ನಿಗದಿತ ಅವಧಿಯಲ್ಲಿ ಇತ್ಯರ್ಥ ಮಾಡಬೇಕು. 4ನೆಯ ನಿಯಮದ 8ನೆಯ ಉಪನಿಯಮ ಇನ್ನೂ ಮುಖ್ಯ. ತಾಣ ತಾನಾಗಿಯೇ ಏನನ್ನಾದರೂ ತೆಗೆಯುವ ಮೊದಲು, ಏನು ಕ್ರಮ, ಯಾವ ಕಾರಣಕ್ಕೆ ಎಂಬುದನ್ನು ಹಾಕಿದವರಿಗೆ ತಿಳಿಸಬೇಕು, ಪ್ರಶ್ನಿಸಲು ತಕ್ಕಷ್ಟು ಅವಕಾಶ ಕೊಡಬೇಕು ಎನ್ನುತ್ತದೆ ಅದು. 2022ರ ಅಕ್ಟೋಬರ್ ತಿದ್ದುಪಡಿ ಎರಡು ಹೊಸ ಕಟ್ಟುಪಾಡು ತಂದಿತು. ತಾಣದ ನಿಯಮಗಳು ಮತ್ತು ಒಪ್ಪಂದ ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ, ಬಳಕೆದಾರ ಆರಿಸಿದ ಭಾಷೆಯಲ್ಲಿ ಸಿಗಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಜೊತೆಗೆ, ಸಂವಿಧಾನದ 14, 19 ಮತ್ತು 21ನೆಯ ವಿಧಿಗಳ ಹಕ್ಕುಗಳನ್ನು ತಾಣಗಳು ಗೌರವಿಸಬೇಕು. ಅಧಿಕಾರಿಯ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅದಕ್ಕೆ ವಕೀಲರು ಬೇಕಿಲ್ಲ.

ಈ ನಿಯಮಗಳಲ್ಲಿ ಸಂದುಗಳೂ ಇವೆ. ಕಾರಣ ತಿಳಿಸುವ ಕಟ್ಟುಪಾಡು ಸರ್ಕಾರ ಪಟ್ಟಿ ಮಾಡಿದ ಬಗೆಯ ವಿಷಯಗಳನ್ನು ತೆಗೆದಾಗ ಮಾತ್ರ ಅನ್ವಯ, ನಮ್ಮದೇ ಒಳನಿಯಮದಂತೆ ತೆಗೆದರೆ ಅಲ್ಲ ಎಂದು ಕಂಪನಿ ವಾದಿಸಲು ಜಾಗವಿದೆ. ನಿಯಮಾವಳಿಯನ್ನು ಕನ್ನಡದಲ್ಲಿ ಕೊಡಬೇಕು ಎಂದಿದೆ, ತೀರ್ಪಿನ ಕಾರಣವನ್ನು ಕನ್ನಡದಲ್ಲಿ ಕೊಡಬೇಕು ಎಂದು ಸ್ಪಷ್ಟವಾಗಿ ಬರೆದಿಲ್ಲ. ಸರ್ಕಾರ ಹೇಳಿ ತೆಗೆಸುವ ವಿಷಯದ ಬಗ್ಗೆ ನಮ್ಮ ಹೈಕೋರ್ಟಿನಲ್ಲಿ ದೊಡ್ಡ ವಾದಗಳೇ ನಡೆದಿವೆ. 2023ರ ಜೂನ್‌ನಲ್ಲಿ ಟ್ವಿಟರ್‌ನ ಅರ್ಜಿ, 2025ರ ಸೆಪ್ಟೆಂಬರ್‌ನಲ್ಲಿ ‘ಸಹಯೋಗ’ ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿಯ ಅರ್ಜಿ ಎರಡೂ ಅಲ್ಲಿ ವಜಾ ಆದವು. ಆ ವಾದಗಳಲ್ಲಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಕಂಪನಿ. ಕಂಪನಿ ತಾನೇ ತೆಗೆದಾಗ ಸಾಮಾನ್ಯ ಕನ್ನಡಿಗನ ಪರವಾಗಿ ನಿಂತ ಮೊಕದ್ದಮೆಯ ಜಾಗ ಇನ್ನೂ ಖಾಲಿ ಇದ್ದಂತೆಯೇ ಇದೆ. ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದೆ, 2013ರಿಂದ ಅದು ಕಾಯಂ ಪೀಠ. ಇಲ್ಲಿನ ಕಾನೂನು ವಿದ್ಯಾರ್ಥಿಗಳು ಈ ಉಪನಿಯಮದ ಅರ್ಥವ್ಯಾಪ್ತಿಯನ್ನು ಕೈಗೆತ್ತಿಕೊಂಡು ಬರೆದರೆ ಅದೇ ಒಂದು ಒಳ್ಳೆಯ ಆರಂಭ.

ಅಲ್ಲಿಯವರೆಗೆ ವಿಡಿಯೊ ಹಾಕುವವರು ಮಾಡಬಹುದಾದ ಕೆಲಸ ಬಹಳವಿದೆ. ಪಂದ್ಯ ನೇರಪ್ರಸಾರ ಮಾಡುವ ಬದಲು ಚಿತ್ರೀಕರಿಸಿ ಮರುದಿನ ಹಾಕಿದರೆ ನೇರಪ್ರಸಾರದ ನಿಷೇಧ ತಟ್ಟುವುದಿಲ್ಲ. ಪುತ್ತರಿಗೂ ಇದೇ ದಾರಿ, ಅಣ್ಣ ಒಂದು ರಾತ್ರಿ ಕಾಯಬೇಕಾಗುತ್ತದೆ ಅಷ್ಟೆ. ಇದು ಯಾವ ಸ್ಥಳ, ಯಾವ ಪಂದ್ಯ ಅಥವಾ ಹಬ್ಬ, ಬಳಸಿದ್ದು ಏರ್ ರೈಫಲ್ಲೋ ಪರವಾನಗಿಯ ಬಂದೂಕೋ ಎಂಬುದನ್ನು ವಿಡಿಯೊದ ಕೆಳಗೆ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆಯುವುದು ಒಳ್ಳೆಯದು, ಏಕೆಂದರೆ ಮರುಪರಿಶೀಲನೆಗೆ ಕೂತವರ ಕಣ್ಣಿಗೆ ಮೊದಲು ಬೀಳುವ ಸಾಕ್ಷಿ ಅದೇ. ರೈಫಲ್ ಎಲ್ಲಿ ಕೊಂಡಿರಿ ಎಂದು ಕೇಳಿದವರಿಗೆ ಅಂಗಡಿಯ ಕೊಂಡಿ ಕೊಡಬೇಡಿ. ಸ್ಟ್ರೈಕ್ ಬಂದರೆ ಸಿಟ್ಟಿನಲ್ಲಿ ಹೊಸ ಚಾನೆಲ್ ತೆರೆಯದೆ ಅಲ್ಲೇ ಮೇಲ್ಮನವಿ ಹಾಕಿ, ಕುಂದುಕೊರತೆ ಅಧಿಕಾರಿಗೆ 4(8)ರ ಉಲ್ಲೇಖದೊಂದಿಗೆ ಕನ್ನಡದಲ್ಲೇ ಬರೆಯಿರಿ. ಮೂಲ ವಿಡಿಯೊವನ್ನು ಮಾತ್ರ ಮನೆಯ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಲೇಬೇಕು. ತಾಣವನ್ನೇ ಕಪಾಟು ಎಂದು ನಂಬಿ ಎಷ್ಟೋ ಮನೆಗಳ ನೆನಪು ಹೋಗಿದೆ.

ಒಬ್ಬೊಬ್ಬರಿಂದ ಆಗದ ಕೆಲಸವೂ ಉಂಟು. ರಾಜ್ಯ ರೈಫಲ್ ಸಂಸ್ಥೆ ಮತ್ತು ಕ್ರೀಡಾ ಇಲಾಖೆ ತಮ್ಮ ಮಾನ್ಯತೆಯ ಪಂದ್ಯಗಳ ಪಟ್ಟಿಯನ್ನು ವಿಡಿಯೊ ತಾಣಗಳಿಗೆ ಮೊದಲೇ ಕಳಿಸಬಹುದು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ನಾಮಫಲಕದಷ್ಟೇ ಗಟ್ಟಿಯಾಗಿ ಈ ನೋಟಿಸುಗಳ ಭಾಷೆಯನ್ನೂ ಕೇಳಬಹುದು. ನಮ್ಮಲ್ಲೇ ಐಐಟಿ ಇದೆ, ಐಐಐಟಿ ಇದೆ, ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನಪೀಠ ಇದೆ. ಹಬ್ಬ, ನಾಟಕ, ಪಂದ್ಯ, ರೌಡಿಯ ರೀಲ್ಸ್ ಇವನ್ನು ಬೇರೆಬೇರೆ ಎಂದು ಯಂತ್ರಕ್ಕೆ ಕಲಿಸಲು ಬೇಕಾದ ಕನ್ನಡದ ಮಾದರಿಗಳನ್ನು ಕೂಡಿಸಿಕೊಡುವ ಕೆಲಸಕ್ಕೆ ಇದಕ್ಕಿಂತ ತಕ್ಕ ಊರು ನನಗೆ ತಿಳಿದಿಲ್ಲ.

ಕೊಡಗಿನ ವಿನಾಯಿತಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮುಂದುವರಿಸಬೇಕೇ, ಬೇಡವೇ ಎಂಬ ಚರ್ಚೆ ಆಗ ಮತ್ತೆ ಏಳುತ್ತದೆ, ಏಳಲೂ ಬೇಕು. ಪರವಾಗಿ ವಾದಿಸುವವರು ಈ ಕೋವಿಗಳು ಹಬ್ಬದಲ್ಲಿ, ಹುಟ್ಟು ಸಾವಿನಲ್ಲಿ ಹೇಗೆ ಬಳಕೆಯಾಗಿವೆ ಎಂದು ತೋರಿಸಬೇಕಾಗುತ್ತದೆ. ವಿರೋಧಿಸುವವರು ಎಲ್ಲಿ ದುರ್ಬಳಕೆಯಾಗಿದೆ ಎಂದು ತೋರಿಸಬೇಕಾಗುತ್ತದೆ. ಇಬ್ಬರಿಗೂ ಬೇಕಾದ ದೃಶ್ಯಗಳು ಈಗ ದಿನದಿನವೂ ಮೊಬೈಲುಗಳಲ್ಲಿ ದಾಖಲಾಗಿ ಖಾಸಗಿ ತಾಣಗಳಿಗೆ ಏರುತ್ತಿವೆ. ಅವುಗಳಲ್ಲಿ ಯಾವುದು ಉಳಿಯಿತು, ಯಾವುದನ್ನು ಯಾವ ಕಾರಣಕ್ಕೆ ತೆಗೆದರು ಎಂಬ ಲೆಕ್ಕವನ್ನು ತಾಣಗಳಿಂದ ಕೇಳಿ ಪಡೆಯುವ ಕೆಲಸ ರಾಜ್ಯ ಸರ್ಕಾರದ್ದು, ಅದನ್ನು ಶುರು ಮಾಡಲು 2029ರವರೆಗೆ ಕಾಯಬೇಕಿಲ್ಲ.